ಘಾಟಿ ಇಳಿಯುವಾಗ ಹೆಲ್ಸಿಂಕಿ

ಯಶವಂತಪುರ ಬಿಟ್ಟ ರೈಲು ನೆಲಮಂಗಲ ದಾಟುವಷ್ಟರಲ್ಲಿ ಎದುರು ಸೀಟಿನ ಹಿರಿಯರು ನನಗೆ ಮೂರು ಪ್ರಶ್ನೆ ಹಾಕಿ ಮುಗಿಸಿದ್ದರು. "ನಿಮ್ಮ ಹೆಸರೆಂತ? ಊರು ಯಾವುದಾಯ್ತು? ಊರಲ್ಲಿ ಮನೆ ಎಲ್ಲಿ ಬರ್ತದೆ?" ಸಾಗರದ ಹತ್ತಿರ ಎಂದರೆ ಸಾಲಲಿಲ್ಲ. ಯಾವ ರಸ್ತೆ, ಕೆರೆಯ ಈಚೆಗೋ ಆಚೆಗೋ ಎಂಬಲ್ಲಿಯವರೆಗೆ ಹೋದ ಮೇಲೇ ಅವರಿಗೆ ಸಮಾಧಾನವಾಯಿತು. ಅವರು ಪುತ್ತೂರು ಕಡೆಯವರು, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಅಲ್ಲಿಂದ ಮುಂದೆ ನನಗೆ ಅವರು ಮಾಷ್ಟ್ರು.

ನಾನು ಹೊರಟಿದ್ದೂ ಪುತ್ತೂರಿಗೇ. ಅಲ್ಲೊಂದು ಮನೆಯ ಅಟ್ಟದಲ್ಲಿ ಹಳೆಯ ಯಕ್ಷಗಾನ ಪ್ರಸಂಗದ ಪುಸ್ತಕಗಳಿವೆ ಎಂಬ ಸುದ್ದಿ ಸಿಕ್ಕಿತ್ತು. ನಾವು ನಾಲ್ಕೈದು ಗೆಳೆಯರು ಸೇರಿ ಇಂಥ ಪುಸ್ತಕಗಳನ್ನು ಬಿಡುವಾದಾಗ ಟೈಪ್ ಮಾಡಿ ಇಡುತ್ತೇವೆ. ಒಂದು ಪುಟಕ್ಕೆ ಒಂದು ಕಡತ. ಇಡುವ ಜಾಗ ಮಾತ್ರ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಬಾಡಿಗೆಗೆ ಹಿಡಿದ ಒಂದು ಸಣ್ಣ ಸರ್ವರ್. ಬಾಡಿಗೆ ಕಡಿಮೆ ಎಂದು ಗೆಳೆಯನೊಬ್ಬ ಆರಿಸಿದ್ದು. ಬೆಂಗಳೂರಿನಿಂದ ನೇರ ಗೆರೆ ಎಳೆದರೂ ಸುಮಾರು 6,700 ಕಿಲೋಮೀಟರ್ ದೂರದಲ್ಲಿ, ವರ್ಷಕ್ಕೆ ತಿಂಗಳುಗಟ್ಟಲೆ ಹಿಮ ಕಾಣುವ ಊರಿನಲ್ಲಿ, ನಮ್ಮ ಭಾಗವತರು ಹಾಡುವ ಪದ್ಯಗಳು ಕೂತಿವೆ.

ಆ ಪದ್ಯಗಳನ್ನು ತಿದ್ದುವುದೇ ಕಷ್ಟವಾಗಿತ್ತು. ದೂರದ ಯಂತ್ರದೊಳಗೆ ಹೋಗುವ ಸಾಧನವಾದ ಎಸ್‌ಎಸ್‌ಎಚ್ ಮೂಲಕ ಸರ್ವರಿಗೆ ಲಾಗಿನ್ ಆಗಿ, ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿಯ ಒಳಗೇ ಒಂದು ಚಿಕ್ಕ ಎಡಿಟರ್ ತೆರೆದು ಕನ್ನಡ ತಿದ್ದಲು ಕೂತರೆ ಕರ್ಸರ್ ಒಂದು ಕಡೆ, ಅಳಿಸಿದ ಅಕ್ಷರ ಇನ್ನೊಂದು ಕಡೆ. ಟರ್ಮಿನಲ್ ಅನ್ನುವುದು ಚೌಕಳಿಯ ಲೆಕ್ಕದಲ್ಲಿ ನಡೆಯುವ ಜಾಗ. 1978ರಲ್ಲಿ ಅಮೆರಿಕದ ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿ ತಂದ ವಿಟಿ100 ಎಂಬ ಯಂತ್ರದ ಪರದೆಯಲ್ಲಿ ಒಂದು ಸಾಲಿಗೆ 80 ಮನೆ, ಅಂಥ 24 ಸಾಲು. ಇವತ್ತು ನಾವು ತೆರೆಯುವ ಟರ್ಮಿನಲ್ ಕಿಟಕಿಗಳೆಲ್ಲ ಅದರ ವಂಶದವು. ಒಂದು ಮನೆಗೆ ಒಂದು ಅಕ್ಷರ ಎಂಬ ಕಟ್ಟುಪಾಡು ರೋಮನ್ ಲಿಪಿಗೆ ಹೊಂದುತ್ತದೆ. ನಮ್ಮ 'ಸ್ತ್ರೀ' ನೋಡಿ. ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಸ, ಹಲಂತ, ತ, ಮತ್ತೆ ಹಲಂತ, ರ, ಈಕಾರದ ಗುಣಿತ ಎಂದು ಆರು ಸಂಕೇತ. ಒಂದೊಂದಕ್ಕೆ ಮೂರು ಬೈಟಿನಂತೆ ಡಿಸ್ಕಿನಲ್ಲಿ ಹದಿನೆಂಟು ಬೈಟು. ಇದನ್ನು ಎಷ್ಟು ಮನೆಗೆ ಹಂಚಬೇಕು ಎಂದು ಈಚೆಯ ಪರದೆ ಒಂದು ಎಣಿಸುತ್ತದೆ, ಆಚೆಯ ಪ್ರೋಗ್ರಾಂ ಇನ್ನೊಂದು ಎಣಿಸುತ್ತದೆ.

ಆದರೆ ನಾನು ದಿನವಿಡೀ ಬಳಸುವ ಈಮ್ಯಾಕ್ಸ್ ಎಡಿಟರಿನ ಸ್ವಂತ ಪುಟದಲ್ಲಿ ಒತ್ತಕ್ಷರ ಅಚ್ಚುಕಟ್ಟಾಗಿ ಕೂರುತ್ತದೆ. 2020ರ 27ನೇ ಆವೃತ್ತಿಯಿಂದ ಅದು ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶ ಬಳಸುತ್ತಿದೆ. ಈಮ್ಯಾಕ್ಸಿನ ಒಳಗೇ ಒಂದು ಟರ್ಮಿನಲ್ಲೂ ಇದೆ. ಅದರಲ್ಲಿ ಹೆಲ್ಸಿಂಕಿಗೆ ಹೋಗಿ, ಅಲ್ಲಿನ ಕಡತವನ್ನು ಇಲ್ಲಿನ ಪುಟದಲ್ಲಿ ತೆರೆಯುವಂತಾದರೆ ಸಾಕು. ಒಂದು ಹಗಲಿನ ರೈಲು ಪ್ರಯಾಣ ಸಿಕ್ಕಿದೆ, ಇವತ್ತು ಅದನ್ನು ಮಾಡಿಯೇ ತೀರಬೇಕು ಎಂದು ಲ್ಯಾಪ್‌ಟಾಪ್ ತೆರೆದೆ.

ಕುಣಿಗಲ್ ಕಡೆಯ ಬಯಲಿನಲ್ಲಿ ನೆಟ್‌ವರ್ಕ್ ಚೆನ್ನಾಗಿತ್ತು. ಟರ್ಮಿನಲ್ಲಿನಲ್ಲಿ ಹೆಲ್ಸಿಂಕಿಗೆ ಲಾಗಿನ್ ಆದೆ, ಪ್ರಸಂಗಗಳ ಫೋಲ್ಡರಿಗೆ ಹೋದೆ, ಕಡತ ತೆರೆಯುವ ಕೀಲಿ ಒತ್ತಿದೆ. ಈಮ್ಯಾಕ್ಸ್ ನನ್ನ ಮುಂದೆ ಹಿಡಿದದ್ದು ನನ್ನದೇ ಲ್ಯಾಪ್‌ಟಾಪಿನ ಹೋಮ್ ಫೋಲ್ಡರ್. ಕಿಟಕಿಯೊಳಗೆ ನಾನು ಬಾಲ್ಟಿಕ್ ಸಮುದ್ರದ ದಂಡೆಯಲ್ಲಿದ್ದೇನೆ. ಕಿಟಕಿಯ ಚೌಕಟ್ಟಿನ ಮಟ್ಟಿಗೆ ಕುಣಿಗಲ್ ಬಿಟ್ಟು ಕದಲಿಲ್ಲ. ಯೋಚಿಸಿದರೆ ಸಹಜವೇ. ಆಚೆಯಿಂದ ಈಚೆಗೆ ಹರಿಯುವುದು ಬರೀ ಅಕ್ಷರಗಳು. ಅವು ಯಾವ ಊರಿನ ಅಕ್ಷರಗಳು ಎಂದು ಯಾರೂ ಹೇಳದಿದ್ದರೆ ಎಡಿಟರಿಗೆ ತಿಳಿಯುವ ಬಗೆ ಹೇಗೆ?

ಅದನ್ನು ಹೇಳುವ ದಾರಿಯನ್ನು ಪರ್ ಬೋಥ್ನರ್ ಎಂಬವರು ಎಂದೋ ಮಾಡಿಟ್ಟಿದ್ದಾರೆ. ಈಮ್ಯಾಕ್ಸಿನ ಈ ಟರ್ಮಿನಲ್ ಅವರು ಬರೆದದ್ದು. ಅದರ ಮೂಲ ಕಡತ ತೆರೆದು ಮೇಲಿನ ಟಿಪ್ಪಣಿಗಳನ್ನು ಓದುತ್ತ ಹೋದೆ. ಆಚೆಯ ಯಂತ್ರದಲ್ಲಿ ನಮ್ಮ ಆಜ್ಞೆ ಕೇಳುವ ಶೆಲ್, ಮುಂದಿನ ಆಜ್ಞೆಗೆ ಕಾಯುತ್ತಿದ್ದೇನೆ ಎಂಬ ಗುರುತಾದ ಪ್ರಾಂಪ್ಟ್ ತೋರಿಸುವ ಮೊದಲು ಪ್ರತಿ ಸಲ ಮೂರು ಸಾಲು ಕಳಿಸಬೇಕು. ಪ್ರತಿ ಸಾಲಿನ ತಲೆಗೆ ಎಸ್ಕೇಪ್ ಎಂಬ, 27ನೇ ನಂಬರಿನ, ಪರದೆಯಲ್ಲಿ ಮೂಡದ ಸಂಕೇತ. ಅದರ ಬೆನ್ನಿಗೆ ಎ, ಎನ್, ಎಸ್, ಐ, ಟಿ ಎಂಬ ಐದಕ್ಷರ, ದೊಡ್ಡದು ಚಿಕ್ಕದು ಬೆರೆತು. ಆರನೆಯ ಅಕ್ಷರ ಯು ಆದರೆ ಮುಂದೆ ಬರುವುದು ಬಳಕೆದಾರನ ಹೆಸರು. ಎಚ್ ಆದರೆ ಯಂತ್ರದ ಹೆಸರು. ಸಿ ಆದರೆ ಈಗ ನಿಂತಿರುವ ಫೋಲ್ಡರ್. ಟರ್ಮಿನಲ್ ಈ ಸಾಲುಗಳನ್ನು ಪರದೆಗೆ ಬಿಡದೆ ತಾನೇ ಕೇಳಿಸಿಕೊಳ್ಳುತ್ತದೆ.

ನಾನು ತಲೆ ಎತ್ತಿ ಮಾಷ್ಟ್ರನ್ನು ನೋಡಿದೆ. ಹೆಸರೆಂತ, ಊರು ಯಾವುದು, ಊರಲ್ಲಿ ಮನೆ ಎಲ್ಲಿ. ಅವರು ಕೇಳಿದ ಮೂರೇ ಪ್ರಶ್ನೆ! ನಮ್ಮ ರೈಲುಗಳಲ್ಲಿ ಅಪರಿಚಿತರಿಬ್ಬರು ಹತ್ತಿರವಾಗುವ ಕ್ರಮವನ್ನೇ ಎಲ್ಲಿಯೋ ಕೂತ ಒಬ್ಬರು ಯಂತ್ರಕ್ಕೆ ಕಲಿಸಿದ್ದರು. ಎಡಿಟರ್ ತಾನಾಗಿ ಕೇಳುವುದಿಲ್ಲ, ಕೇಳದೆಯೇ ಆಚೆಯವರು ಹೇಳಬೇಕು, ಅಷ್ಟೇ ವ್ಯತ್ಯಾಸ.

ಹೆಲ್ಸಿಂಕಿಯ ಯಂತ್ರದಲ್ಲಿ, ಶೆಲ್ ಶುರುವಾದಾಗ ಓದುವ ಕಡತಕ್ಕೆ ಆ ಮೂರು ಸಾಲು ಸೇರಿಸಿದೆ. ಎದುರಿಗಿರುವುದು ಈಮ್ಯಾಕ್ಸಿನ ಟರ್ಮಿನಲ್ ಆದರೆ ಮಾತ್ರ ಕಳಿಸು ಎಂಬ ಷರತ್ತನ್ನೂ ಹಾಕಿದೆ, ಯಾಕೆಂದರೆ ಬೇರೆ ಟರ್ಮಿನಲ್ಲಿಗೆ ಈ ಭಾಷೆ ಬರುವುದಿಲ್ಲ. ಎದುರಿಗಿರುವುದು ಯಾವುದೆಂದು ಆಚೆಯ ಯಂತ್ರಕ್ಕೆ ಗೊತ್ತಾಗುತ್ತದೆಯೇ? ಆಗುತ್ತದೆ. ಲಾಗಿನ್ ಆಗುವಾಗ ಎಸ್‌ಎಸ್‌ಎಚ್ ಟರ್ಮಿನಲ್ಲಿನ ಜಾತಿಯ ಹೆಸರನ್ನೂ ಜೊತೆಗೆ ಒಯ್ಯುತ್ತದೆ. ಈಮ್ಯಾಕ್ಸಿನ ಟರ್ಮಿನಲ್ಲಿನ ಹೆಸರು ಈಟರ್ಮ್-ಕಲರ್. ಆ ಹೆಸರು ಅಲ್ಲಿ ಯಾರಿಗೂ ಪರಿಚಯವಿರಲಿಲ್ಲ. ಪರದೆ ಒರೆಸು ಎಂದರೆ, ಈ ಟರ್ಮಿನಲ್ ಗೊತ್ತಿಲ್ಲ ಎಂಬ ಉತ್ತರ ಬಂತು. ಟರ್ಮಿನಲ್ಲುಗಳ ಗುಣಲಕ್ಷಣ ಬರೆದಿಡುವ ಟರ್ಮ್‌ಇನ್ಫೋ ಎಂಬ ಭಂಡಾರ ಇಂಥ ಯಂತ್ರಗಳಲ್ಲಿ ಇರುತ್ತದೆ. ಈಮ್ಯಾಕ್ಸ್ ಜೊತೆಗೇ ಬರುವ ಪುಟ್ಟ ಪರಿಚಯಪತ್ರವನ್ನು ಅಲ್ಲಿಗೆ ನಕಲು ಮಾಡಿದ ಮೇಲೆ ಆ ತಕರಾರು ನಿಂತಿತು.

ಶ್ರವಣಬೆಳಗೊಳದ ಆಸುಪಾಸಿನಲ್ಲಿ ಮತ್ತೆ ಕೀಲಿ ಒತ್ತಿದೆ. ಈ ಸಲ ಈಮ್ಯಾಕ್ಸ್ ಹೊರಗೆ ಹೊರಟಿತು, ಆದರೆ ಊರು ಸಿಗದೆ ವಾಪಸು ಬಂತು. ಕಾರಣ ಹುಡುಕುವಷ್ಟರಲ್ಲಿ ಹಾಸನ ಬಂದಿತ್ತು. ನಿನ್ನ ಹೆಸರೇನು ಎಂದು ಸರ್ವರನ್ನು ಕೇಳಿದರೆ ಅದು ಹೇಳುವುದು ಸ್ಥಾಪನೆಯ ದಿನ ಅದಕ್ಕೆ ಇಟ್ಟ ಹೆಸರನ್ನು. ಆ ಹೆಸರು ಆ ಯಂತ್ರದ ಒಳಗೆ ಮಾತ್ರ ಚಾಲ್ತಿಯಲ್ಲಿದೆ, ಹೊರಗಿನ ಜಗತ್ತಿನಲ್ಲಿ ಆ ಹೆಸರಿಗೆ ಕಾಗದ ಹಾಕಿದರೆ ತಲುಪುವುದಿಲ್ಲ. ನಮ್ಮ ಹಳ್ಳಿಗಳಿಗೂ ಹೀಗೇ ಎರಡು ಹೆಸರು. ಊರಿನವರ ಬಾಯಲ್ಲಿ ಒಂದು, ಬಸ್ಸಿನ ಬೋರ್ಡಿನಲ್ಲಿ ಒಂದು. ಪರಸ್ಥಳದವರಿಗೆ ಹೇಳುವಾಗ ಬೋರ್ಡಿನ ಹೆಸರನ್ನೇ ಹೇಳಬೇಕು. ಎಚ್ ಸಾಲಿನಲ್ಲಿ ಅದರ ಮನೆಹೆಸರು ತೆಗೆದು, ನನ್ನ ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ ಪಟ್ಟಿಯಲ್ಲಿ ನಾನು ಆ ಯಂತ್ರಕ್ಕೆ ಇಟ್ಟುಕೊಂಡ ಹೆಸರನ್ನು ಬರೆದೆ. ಈಮ್ಯಾಕ್ಸಿನ 2018ರ 26ನೇ ಆವೃತ್ತಿಯಿಂದ ದೂರದ ಕಡತದ ಹಾದಿಯ ಮುಂದೆ, ಹೋಗುವ ವಿಧಾನದ ಹೆಸರೂ ಇರಬೇಕು, ಅದನ್ನೂ ಸೇರಿಸಿದೆ. ನನ್ನ ಲ್ಯಾಪ್‌ಟಾಪಿನ ಶೆಲ್ಲಿಗೂ ಅದೇ ಮೂರು ಸಾಲು ಕಲಿಸಿದೆ. ಇಲ್ಲವಾದರೆ ನಾನು ಲಾಗೌಟ್ ಆಗಿ ಮನೆಗೆ ಬಂದ ಮೇಲೂ ಎಡಿಟರ್ ನಾನು ಹೆಲ್ಸಿಂಕಿಯಲ್ಲೇ ಇದ್ದೇನೆಂದು ತಿಳಿದಿರುತ್ತದೆ.

ಹಾಸನ ಬಿಟ್ಟು ಹತ್ತು ನಿಮಿಷವಾಗಿರಬಹುದು. ಟರ್ಮಿನಲ್ಲಿನಲ್ಲಿ ಲಾಗಿನ್ ಆದೆ. ಕಿಟಕಿಯ ಕೆಳಪಟ್ಟಿಯಲ್ಲಿ, ಯಾವಾಗಲೂ ಒಂದು ಚಿಕ್ಕ ಅಡ್ಡಗೆರೆ ಇರುವ ಜಾಗದಲ್ಲಿ, ಅಟ್ ಚಿಹ್ನೆ ಮೂಡಿತು. ನೀನೀಗ ಪರಸ್ಥಳದಲ್ಲಿದ್ದೀಯ ಎಂದು ಈಮ್ಯಾಕ್ಸ್ ಹೇಳುವ ರೀತಿ ಅದು. ಹನ್ನೆರಡು ವರ್ಷದಿಂದ ಈ ಎಡಿಟರ್ ಬಳಸುತ್ತಿದ್ದೇನೆ, ಟರ್ಮಿನಲ್ಲಿನ ಪಟ್ಟಿಯಲ್ಲಿ ಆ ಚಿಹ್ನೆಯನ್ನು ಕಂಡಿರಲಿಲ್ಲ. ಕಡತ ತೆರೆಯುವ ಕೀಲಿ ಒತ್ತಿದೆ. ಪ್ರಸಂಗಗಳ ಫೋಲ್ಡರ್ ತಾನಾಗಿ ಮುಂದೆ ಬಂದು ನಿಂತಿತ್ತು. ಒಂದು ಪುಟ ಆರಿಸಿದೆ. ಒಂದೆರಡು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಒತ್ತು, ದೀರ್ಘ, ಅರ್ಕಾವತ್ತು ಸಮೇತ ಕನ್ನಡ ಬಂದು ಪುಟದ ತುಂಬ ಕೂತಿತು. ಕೈ ಸುಮ್ಮನೆ ಕೀಲಿಮಣೆಯ ಮೇಲೆ ಉಳಿಯಿತು. ಹೊರಗೆ ರಾಗಿ ಕೊಯ್ದ ಹೊಲಗಳು, ಅಲ್ಲಲ್ಲಿ ಮೆದೆ. ಹೆಲ್ಸಿಂಕಿಯಲ್ಲಿ ಆಗ ಬೆಳಗಿನ ಎಂಟೂ ಆಗಿರಲಿಲ್ಲ. ಡಿಸೆಂಬರಿನಲ್ಲಿ ಆ ಊರಿಗೆ ಒಂಬತ್ತರವರೆಗೂ ಸೂರ್ಯ ಹುಟ್ಟುವುದಿಲ್ಲ. ಕತ್ತಲೆಯ ಊರಿನಿಂದ ಬಂದ ಪದ್ಯವನ್ನು ನಾನು ಹಾಸನದ ಬಿಸಿಲಿನಲ್ಲಿ ಓದುತ್ತಿದ್ದೆ.

ಆ ಒಂದೆರಡು ಉಸಿರಿನ ನಡುವೆ ಏನು ನಡೆಯುತ್ತದೆ ಎಂದು ತಿಳಿಯುವ ಆಸೆಯಾಯಿತು. ಕಡತ ತರುವ ಕೆಲಸ ಈಮ್ಯಾಕ್ಸಿನ ಟ್ರ್ಯಾಂಪ್ ಎಂಬ ಭಾಗದ್ದು. 1998ರಲ್ಲಿ ಕೈ ಗ್ರೋಸ್‌ಯೋಹಾನ್ ಎಂಬವರು ಶುರು ಮಾಡಿದ್ದು. ಇಂಗ್ಲಿಷಿನಲ್ಲಿ ಆ ಪದಕ್ಕೆ ಅಲೆಮಾರಿ ಎಂಬ ಅರ್ಥವಿದೆ. ಅದು ಮರೆಯಲ್ಲಿ ಇನ್ನೊಂದು ಎಸ್‌ಎಸ್‌ಎಚ್ ಸಂಪರ್ಕ ಹಿಡಿದು ಆಚೆಯ ಯಂತ್ರಕ್ಕೆ ಹೋಗುತ್ತದೆ. ಹೊಸ ಊರಿಗೆ ಹೋದವರು ಬಾವಿ ಎಲ್ಲಿ, ಅಂಗಡಿ ಎಲ್ಲಿ ಎಂದು ವಿಚಾರಿಸುವ ಹಾಗೆ ಇಲ್ಲಿ ಯಾವ ಯಾವ ಕಮಾಂಡ್ ಸಿಗುತ್ತದೆ ಎಂದು ಒಂದೊಂದಾಗಿ ವಿಚಾರಿಸುತ್ತದೆ. ಕಡತ ಇದೆಯೇ, ನನಗೆ ಓದುವ ಹಕ್ಕಿದೆಯೇ ಎಂದು ಕೇಳುತ್ತದೆ. ಪ್ರತಿ ಮಾತಿಗೂ ಹೋಗಿ ಬರುವ ಹಾದಿ ಇದೆ. ಅಳೆದು ನೋಡಿದರೆ ಒಂದು ಸಲ ಹೋಗಿ ಬರಲು 180 ಮಿಲಿಸೆಕೆಂಡ್ ಆಸುಪಾಸು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ನೇರ ಹಾದಿ ಇದ್ದಿದ್ದರೆ 70 ಮಿಲಿಸೆಕೆಂಡೂ ಬೇಕಿರಲಿಲ್ಲ. ಆದರೆ ಭಾರತದಿಂದ ಯುರೋಪಿಗೆ ಹೋಗುವ ಸಮುದ್ರದ ಕೇಬಲ್ಲುಗಳು ಬಹುಪಾಲು ಅರಬ್ಬಿ ಸಮುದ್ರ, ಕೆಂಪು ಸಮುದ್ರ ಹಾಯ್ದು, ಈಜಿಪ್ಟಿನಲ್ಲಿ ನೆಲ ಹತ್ತಿ, ಮತ್ತೆ ಮೆಡಿಟರೇನಿಯನ್ನಿಗೆ ಇಳಿಯುತ್ತವೆ. ನಡುನಡುವೆ ಜಂಕ್ಷನ್ನುಗಳು. ನಾನು ಒತ್ತಿದ ಒಂದು ಕೀಲಿ ಅಷ್ಟು ಸಮುದ್ರ ದಾಟಿ ಬರುವಷ್ಟರಲ್ಲಿ ನಮ್ಮ ರೈಲು ಮೂರು ನಾಲ್ಕು ಮೀಟರ್ ಮುಂದೆ ಹೋಗಿತ್ತು, ಅಷ್ಟೇ.

ಟ್ರ್ಯಾಂಪ್ ಮಾತುಕತೆಯನ್ನು ದಾಖಲಿಸುವ ಮಟ್ಟವನ್ನು 6ಕ್ಕೆ ಏರಿಸಿ ಅದೇ ಪುಟವನ್ನು ಮತ್ತೆ ತೆರೆದೆ. ಚಿಕ್ಕ ಕಡತವನ್ನು ಅದು ಬೇಸ್64 ಎಂಬ ಬರಹಕ್ಕೆ ತಿರುಗಿಸಿ ತರುತ್ತದೆ, ಮೂರು ಬೈಟಿಗೆ ನಾಲ್ಕು ಅಕ್ಷರದಂತೆ. ಕನ್ನಡದ ಒಂದು ಸಂಕೇತಕ್ಕೂ ಸರಿಯಾಗಿ ಮೂರೇ ಬೈಟು! ದಾಖಲೆಯಲ್ಲಿ ಕಂಡ ಮೊದಲ ಹನ್ನೆರಡು ಅಕ್ಷರ ಹೀಗಿದ್ದವು: 4, ಎಲ್, ಕೆ, ಡಬ್ಲ್ಯು. 4, ಎಲ್, ಕೆ, ಪ್ಲಸ್. 4, ಎಲ್, ಕೆ, ಎಕ್ಸ್. ಮೊದಲನೆಯ ನಾಲ್ಕು 'ರ', ಎರಡನೆಯವು ಅದರ ದೀರ್ಘ, ಮೂರನೆಯವು 'ಗ'. ಸೇರಿಸಿ ಓದಿದರೆ 'ರಾಗ'. ಪುಟ ಶುರುವಾಗುವುದು ರಾಗ ತಾಳದ ಹೆಸರಿನಿಂದ. ನಮ್ಮ ಇಂದಿನ ಬಳಕೆಯ ಸ್ವರ, ವ್ಯಂಜನಗಳೆಲ್ಲ ಈ ವೇಷದಲ್ಲಿ 4ಎಲ್‌ಕೆ ಎಂದೇ ಹೊರಡುತ್ತವೆ. ಹಲಂತ ಮತ್ತು ಬಹುಪಾಲು ಗುಣಿತದ ಚಿಹ್ನೆಗಳು 4ಎಲ್‌ಒ ಎಂದು. ನಡುವೆ ಒಂದು ಖಾಲಿ ಜಾಗ ಬಂದರೆ ಎಣಿಕೆ ಒಂದು ಬೈಟು ಸರಿದು ವೇಷ ಬದಲಾಗುತ್ತದೆ. ಮೂರನೆಯ ಖಾಲಿ ಜಾಗ ಮುಗಿದಾಗ ಮತ್ತೆ 4ಎಲ್‌ಕೆ ರಂಗಕ್ಕೆ ಬರುತ್ತದೆ. ಇದನ್ನು ಯಾರೂ ಬೇಕೆಂದು ಹೊಂದಿಸಿದ್ದಲ್ಲ. ಲಿಪಿಗೆ ನಂಬರು ಕೊಟ್ಟವರು ಬೇರೆ, ಬೈಟಿಗೆ ವೇಷ ಹಾಕಿದವರು ಬೇರೆ. ಆದರೂ ಅವರ ಲೆಕ್ಕಗಳು ಒಂದರ ಮೇಲೊಂದು ಬಿದ್ದು ನನ್ನ ಪರದೆಯಲ್ಲಿ ತಾಳದ ಹಾಗೆ ಮರಳಿ ಮರಳಿ ಬರುತ್ತಿದ್ದವು. ಇಡೀ ಪ್ರಯಾಣದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಇದು.

ಅಂದಹಾಗೆ ಸರ್ವರ್ ಹೆಲ್ಸಿಂಕಿಯಲ್ಲಿರುವುದರಲ್ಲೂ ಒಂದು ಸೊಗಸಿದೆ. ಎಸ್‌ಎಸ್‌ಎಚ್ ಹುಟ್ಟಿದ್ದೇ ಆ ಊರಿಗೆ ಅಂಟಿಕೊಂಡಂತಿರುವ ಎಸ್ಪೋದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ. 1995ರಲ್ಲಿ ಅಲ್ಲಿನ ಜಾಲದಲ್ಲಿ ಯಾರೋ ಪಾಸ್‌ವರ್ಡ್ ಕದ್ದಾಲಿಸಿದ ಮೇಲೆ ತಾತು ಯ್ಲೋನೆನ್ ಅದನ್ನು ಬರೆದರು. ಕಡತ ಸಾಗಿಸುವ ಎಫ್‌ಟಿಪಿಗೆ ಜಾಲದಲ್ಲಿ 21ನೇ ಬಾಗಿಲು, ಅಂದರೆ ಪೋರ್ಟ್, ದೂರದ ಟರ್ಮಿನಲ್ ತೆರೆಯುವ ಟೆಲ್ನೆಟ್ಟಿಗೆ 23ನೇ ಬಾಗಿಲು. ನಡುವೆ ಖಾಲಿ ಇದ್ದ 22ನ್ನು ಅವರು ಕೇಳಿ ಪಡೆದರು. ಅದಕ್ಕೂ ನಾಲ್ಕು ವರ್ಷ ಮೊದಲು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಮನೆಯಿಂದ ಕಾಲೇಜಿನ ಯಂತ್ರಕ್ಕೆ ಸಂಪರ್ಕಿಸಲು ಒಂದು ಟರ್ಮಿನಲ್ ಬರೆದುಕೊಂಡಿದ್ದರು. ಆಚೆಯ ಕಡತಗಳನ್ನು ಇಳಿಸಿ ಇಟ್ಟುಕೊಳ್ಳಬೇಕು ಅನ್ನಿಸಿ ಡಿಸ್ಕಿನ ಕೆಲಸ ಸೇರಿಸಿದರು, ಕಡತ ವ್ಯವಸ್ಥೆ ಸೇರಿಸಿದರು. ಬೆಳೆದು ಬೆಳೆದು ಅದು ಲಿನಕ್ಸ್ ಆಯಿತು. ಟರ್ಮಿನಲ್ಲಿನಲ್ಲಿ ನಿಂತು ದೂರದ ಕಡತಕ್ಕೆ ಕೈ ಚಾಚುವ ಆಸೆ ಆ ಊರಿಗೆ ಹಳೆಯದು.

ಸಕಲೇಶಪುರದಲ್ಲಿ ರೈಲು ನಿಂತು ಹೊರಟಿತು. ದೋಣಿಗಲ್ ದಾಟಿದ್ದೇ ನೆಟ್‌ವರ್ಕ್ ಒಂದೊಂದೇ ಗೆರೆ ಕಳಚಿ ಪೂರ್ತಿ ಹೋಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು 55 ಕಿಲೋಮೀಟರ್ ಘಾಟಿ. ಐವತ್ತಕ್ಕೂ ಹೆಚ್ಚು ಸುರಂಗ, ನೂರಕ್ಕೂ ಹೆಚ್ಚು ಸೇತುವೆ, 50 ಅಡಿ ಹೋದರೆ 1 ಅಡಿ ಇಳಿಯುವ ಹಾದಿ. ಕಡಗರವಳ್ಳಿ, ಎಡಕುಮೇರಿ, ಶಿರಿವಾಗಿಲು ಎಂದು ಕಾಡಿನ ನಡುವಿನ ಸ್ಟೇಷನ್ನುಗಳು. ಸುರಂಗ ಹೊಕ್ಕಾಗೆಲ್ಲ ಬೋಗಿಯ ಹುಡುಗರು ಕೂಗು ಹಾಕುತ್ತಿದ್ದರು. ಕತ್ತಲೆಯಲ್ಲಿ ನನ್ನ ಪರದೆಯೊಂದೇ ಬೆಳಕು. ಆ ಬೆಳಕಿಗೆ ಮಾಷ್ಟ್ರು ಕನ್ನಡಕ ಏರಿಸಿ ಬಗ್ಗಿದರು.

"ಇದೆಂತ, ಪ್ರಸಂಗದ ಪದ್ಯವಾ?"

"ಹೌದು ಮಾಷ್ಟ್ರೇ."

ಓದುತ್ತ ಹೋದರು. ಸುರಂಗ ಮುಗಿದು, ಎಡಗಡೆ ಕಣಿವೆ ತೆರೆದು, ತೆಳ್ಳನೆ ನೀರಿನ ಗೆರೆ ಕಂಡು, ಮತ್ತೆ ಕತ್ತಲಾಯಿತು. ಅವರ ಬೆರಳು ಪರದೆಯ ಮೊದಲ ಸಾಲಿಗೆ ಬಂದು ನಿಂತಿತು.

"ಇಲ್ಲಿ ತಪ್ಪುಂಟು ಮಾರಾಯ್ರೆ. ರಾಗ ಸೌರಾಷ್ಟ್ರ ಸರಿ. ತಿವುಡೆ ಅಂತ ಬರೆದಿದ್ದೀರಿ. ತ್ರಿವುಡೆ ಆಗ್ಬೇಕು. ಒತ್ತು ಬಿಟ್ಟು ಹೋಗಿದೆ."

ನಾಲ್ಕು ಜನ ನೋಡಿದ ಪುಟ ಅದು. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಡಕುಮೇರಿಯ ಹತ್ತಿರದ ಯಾವುದೋ ಸುರಂಗದಲ್ಲಿ ನಾನು 'ತಿ'ಯ ಕೆಳಗೆ ರಕಾರದ ಒತ್ತು ಕೊಟ್ಟೆ. ಕೆಳಪಟ್ಟಿಯಲ್ಲಿ ಎರಡು ನಕ್ಷತ್ರ ಹೊತ್ತಿಕೊಂಡವು. ತಿದ್ದಿದ್ದು ಇನ್ನೂ ಊರು ಸೇರಿಲ್ಲ ಎಂಬ ಗುರುತು. ಪಕ್ಕದಲ್ಲಿ ಅಟ್ ಚಿಹ್ನೆ ಹಾಗೇ ಇತ್ತು. ನೆಟ್‌ವರ್ಕ್ ಇಲ್ಲ, ಸಂಪರ್ಕ ಕಡಿದುಹೋಗಿದೆ, ಆದರೂ ಪುಟಕ್ಕೆ ತಾನು ಯಾವ ಊರಿನದು ಎಂದು ನೆನಪಿದೆ. ಸುಮಾರು ಎರಡು ಗಂಟೆ ಹಾಗೇ ಕಾದೆವು. ಮಾಷ್ಟ್ರು ಅಷ್ಟರಲ್ಲಿ ಉಳಿದ ಪದ್ಯಗಳನ್ನೂ ಓದಿ ಮುಗಿಸಿ, ಎಲ್ಲಿ ಯಾವ ಪಾತ್ರ ಯಾವ ಅರ್ಥ ಹೇಳಬಹುದು ಎಂದು ವಿವರಿಸಿದರು. ಅದು ಬೇರೆಯೇ ಬರೆಯಬೇಕಾದ ಕತೆ.

ನೆಟ್ಟಣದಲ್ಲಿ, ಅಂದರೆ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಲ್ಲಿ, ಫೋನು ಎರಡು ಸಲ ಗುನುಗಿತು. ನೆಟ್‌ವರ್ಕ್ ಬಂದಿತ್ತು. ಉಳಿಸುವ ಕೀಲಿ ಒತ್ತಿದೆ. ಟ್ರ್ಯಾಂಪ್ ಕಡಿದ ದಾರಿಯನ್ನು ಬಿಟ್ಟು ಹೊಸ ಸಂಪರ್ಕ ಹಿಡಿಯಿತು, ಮತ್ತೆ ಎಲ್ಲವನ್ನೂ ವಿಚಾರಿಸಿತು. ಕೆಲವು ಸೆಕೆಂಡು. ನಕ್ಷತ್ರಗಳು ಆರಿದವು.

ಮನಸ್ಸು ತಡೆಯದೆ ಟರ್ಮಿನಲ್ಲಿನಲ್ಲಿ ಮತ್ತೆ ಲಾಗಿನ್ ಆಗಿ, ಕಡತದ ಗಾತ್ರ ಕೇಳಿದೆ. ಬೆಳಿಗ್ಗೆ ಅದು 3,412 ಬೈಟು ಇತ್ತು. ಈಗ 3,418. ಹಲಂತಕ್ಕೆ ಮೂರು, ರಕಾರಕ್ಕೆ ಮೂರು.

"ಅಲ್ಲಿಯೂ ತ್ರಿವುಡೆ ಆಯ್ತಾ?" ಮಾಷ್ಟ್ರು ಕೇಳಿದರು.

"ಆಯ್ತು ಮಾಷ್ಟ್ರೇ."

ರೈಲು ಹೊರಟಿತು. ಕಬಕ ಪುತ್ತೂರು ಬರುವವರೆಗೂ ಅವರು ಕಿಟಕಿಯ ಕಟ್ಟೆಯ ಮೇಲೆ ಬೆರಳಿನಿಂದ ಏಳು ಮಾತ್ರೆಯ ತಾಳ ಹಾಕುತ್ತ ಕೂತಿದ್ದರು.